ಹತ್ತರ ಸಾಕೆಟ್ಟು

ಮೊದಲೇ ಹೇಳಿಬಿಡುತ್ತೇನೆ:
ದಪ್ಪ ಕೈಗವಸಿನಲ್ಲಿ ಬೋಲ್ಟು ಕೈಗೆ ಸಿಗುವುದಿಲ್ಲ,
ಬರಿಗೈಯಲ್ಲಿ ಮುಟ್ಟಿದರೆ
ಕಬ್ಬಿಣ ನಿಮ್ಮ ಚರ್ಮವನ್ನು ವಾಪಸು ಕೊಡುವುದಿಲ್ಲ.
ಇದು ಉಲಾನ್‌ಬಾತರಿನ ಜನವರಿ,
ಸೊನ್ನೆಯಿಂದ ಮೂವತ್ತೊಂದು ಮೆಟ್ಟಿಲು ಕೆಳಗೆ.
ಬೆರಳ ತುದಿ ಕತ್ತರಿಸಿದ ಉಣ್ಣೆಯ ಗವಸು,
ಅದರೊಳಗೆ ಆಸ್ಪತ್ರೆಯ ತೆಳು ರಬ್ಬರಿನದು.
ಬಿಟ್ಟಿ ಸಲಹೆ. ತಗೊಳ್ಳಿ.

ಕಾರು ಜಪಾನಿನದು, ಹದಿನೇಳು ವರ್ಷದ್ದು.
ಸ್ಟಿಯರಿಂಗು ಬಲಕ್ಕೆ, ನಮ್ಮ ಓಡಾಟವೂ ಬಲಕ್ಕೆ,
ಲಾರಿ ಹಿಂದಿಕ್ಕಬೇಕೆಂದರೆ ಪಕ್ಕದ ಸೀಟಿನಿಂದ
ಮಗಳು ನೊಮೂನ್ ಇಣುಕಿ "ಹೋಗಮ್ಮ" ಅನ್ನಬೇಕು.
ಗುಂಡಿ ಒತ್ತಿದಾಗಲೆಲ್ಲ ಡ್ಯಾಷಿನೊಳಗಿಂದ ಒಬ್ಬಾಕೆ
ಜಪಾನಿಯಲ್ಲಿ ಏನೋ ಹೇಳುತ್ತಾಳೆ, ಬಲು ವಿನಯದಿಂದ.
ಆರು ವರ್ಷವಾಯಿತು, ಏನೆಂದು ಗೊತ್ತಿಲ್ಲ.
ನಾವು "ಆಗಲಿ" ಅನ್ನುತ್ತೇವೆ.

ಮೊನ್ನೆ ಕೆಂಪು ತ್ರಿಕೋನ ಹೊತ್ತಿಕೊಂಡಿತು.
ಮೆಕ್ಯಾನಿಕ್ಕು ಕೇಳಿದ ದುಡ್ಡಿಗೆ ನಾನು
ನಲವತ್ತು ಕಾರಿಗೆ ಕಂಬಳಿ ಹೊಲಿಯಬೇಕು.
(ಅದೇ ನನ್ನ ಕಸುಬು. ಬಾನೆಟ್ಟಿನಡಿ ಹೊದಿಸುವ ಉಣ್ಣೆಯ ಹಾಸು.
ಈ ಊರಲ್ಲಿ ಎಂಜಿನ್ನಿಗೂ ಅಂಗಿ ಬೇಕು.)
ಸತ್ತಿರುವುದು ನೀರು ತಿರುಗಿಸುವ ಪಂಪು, ಅಂಗೈಯಷ್ಟಗಲದ್ದು.
ನಾನೇ ಬಿಚ್ಚುತ್ತೇನೆ ಅಂದೆ.
ಅವನು ನಕ್ಕ. ನಗುವಿಗೆ ಚಾರ್ಜು ಮಾಡಲಿಲ್ಲ.

ಸಾಮಾನುಗಳ ವಿಚಾರ.

ತಲೆಗೆ ಕಟ್ಟುವ ದೀಪ: ಈ ಚಳಿಗೆ
ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ.
ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ ಇನ್ನೈದು.
ಹೊಗಳುವಂಥದ್ದಲ್ಲ, ಬಯ್ಯಲೂ ಮನಸ್ಸಿಲ್ಲ.

ಜ್ಯಾಕು: ಮೈಮೇಲೆ ಮೂರು ಟನ್ ಎಂದು ಬರೆದಿದೆ.
ಬರೆದವನು ಅದರಡಿ ಮಲಗಿಲ್ಲ.
ನಾನು ಮಲಗುವವಳು. ಸ್ಟ್ಯಾಂಡು ಕೊಡಿ,
ಸ್ಟ್ಯಾಂಡಿನ ಪಕ್ಕ ಬಿಚ್ಚಿದ ಚಕ್ರವನ್ನೂ ಮಲಗಿಸಿ,
ಆಮೇಲೆ ನೀವು.

ಟಾರ್ಕ್ ವ್ರೆಂಚು: ನೆರೆಯ ದಮ್ದಿನ್‌ಜಾವರದು.
ಎಣ್ಣೆಬಟ್ಟೆಯಲ್ಲಿ ಸುತ್ತಿ
ಎಳೆಗೂಸನ್ನು ಕೊಡುವ ಹಾಗೆ ಕೊಟ್ಟರು.
ಬಿಗಿ ಸಾಕಾದಾಗ ಟಕ್ಕೆನ್ನುತ್ತದೆ.
ದಾರ ಎಳೆದು ಪಳಗಿದ ಬೆರಳಿಗೆ ಆ ಟಕ್ಕು
ಒಂದು ಉಸಿರು ಮೊದಲೇ ತಿಳಿಯಿತು,
ಬಟ್ಟೆ ಸುಕ್ಕುಗಟ್ಟುವ ಮುಂಚೆ ನಿಲ್ಲಿಸುತ್ತೇವಲ್ಲ, ಹಾಗೆ.
ಅಂಕ ಕೊಡಲಾರೆ. ನನ್ನದಲ್ಲ.

ಇನ್ನು ಹತ್ತರ ಸಾಕೆಟ್ಟು.
ಇಡೀ ಪೆಟ್ಟಿಗೆಯಲ್ಲಿ ಬೇಕಾಗುವುದು ಅದೊಂದೇ,
ಇಲ್ಲದಿರುವುದೂ ಅದೊಂದೇ.
ಒಂಬತ್ತು ಇದೆ, ಹನ್ನೊಂದು ಇದೆ,
ಯಾರಿಗೂ ಬೇಡವಾಗಿ ಫಳಫಳ ಹೊಳೆಯುತ್ತವೆ.
ಈಗಿನ್ನೂ ಕೈಯಲ್ಲಿತ್ತು.
ಟಣ್ಣೆಂದಿತು. ಒಂದೇ ಸಲ.
ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ.

ತುದಿಗೆ ಅಯಸ್ಕಾಂತವಿರುವ ಉದ್ದ ಕಡ್ಡಿ
(ಅಗ್ಗ, ಕೊಂಡಿಟ್ಟುಕೊಳ್ಳಿ) ಆಡಿಸಿ ಆಡಿಸಿ ತೋಳು ಸೋತಿತು.
ಕಡೆಗೆ ಹೊಟ್ಟೆಯಡಿಯ ತಟ್ಟೆಯನ್ನೇ ಬಿಚ್ಚಿದೆವು,
ಅದಕ್ಕೂ ಹತ್ತರದೇ ಬೋಲ್ಟು,
ಅರ್ಧ ಇಕ್ಕಳದಲ್ಲಿ, ಅರ್ಧ ಬೈಗುಳದಲ್ಲಿ.

ಮೊದಲು ಉದುರಿದ್ದು ಎಲೆ.
ನಮ್ಮ ಕಡೆಯವಲ್ಲ. ಪುಟ್ಟ ಬೀಸಣಿಗೆಯಂಥವು,
ಹಳದಿ ಇನ್ನೂ ಪೂರ್ತಿ ಹೋಗಿಲ್ಲ.
ಅವುಗಳ ನಡುವೆ ಸಾಕೆಟ್ಟು. ಹತ್ತರದೇ.

ನನ್ನದಲ್ಲ.
ನನ್ನದು ಹೊಸದು. ಇದು ಕರಿದು,
ಕೊರಳಿಗೆ ಹಸಿರು ಟೇಪಿನ ಉಂಗುರ.
ಕಡಲಾಚೆ ಯಾರದೋ ಅಂಗಳದಲ್ಲಿ
ಯಾರೋ ಮೊಣಕಾಲೂರಿ ಹುಡುಕಿದ್ದಾರೆ,
ಮಕ್ಕಳ ಮೇಲೆ ಗುಮಾನಿ ಪಟ್ಟಿದ್ದಾರೆ,
ಮಾತು ಬಿಟ್ಟಿದ್ದಾರೋ ಏನೋ ಒಂದು ಸಂಜೆ.
ಆಮೇಲೆ ಕಾರು ಮಾರಿದ್ದಾರೆ.

ಅದರಲ್ಲೇ ಹೊಸ ಪಂಪಿನ ಬೋಲ್ಟು ಬಿಗಿದೆ. ಟಕ್. ಟಕ್. ಟಕ್.
ನೀರು ತುಂಬಿ, ಗಾಳಿ ಬಿಡಿಸಿ, ಗುಂಡಿ ಒತ್ತಿದರೆ
ತ್ರಿಕೋನವಿಲ್ಲ, ಡಬ್ಬಿಯೊಳಗೆ ಗುಲಾಬಿ ನೀರು ಸುಳಿಯುತ್ತಿದೆ.
ಡ್ಯಾಷಿನಾಕೆ ಎಂದಿನ ಮಾತು ಹೇಳಿದಳು.
"ಸಿಕ್ಕಿತು" ಅಂದಳು ನೊಮೂನ್ ಅವಳಿಗೆ,
"ನಮ್ಮ ಹತ್ತಿರ ಇದೆ."

ನನ್ನ ಹೊಸದು ಇನ್ನೂ ಒಳಗೇ ಎಲ್ಲೋ.
ತಿರುವಿನಲ್ಲಿ ಒಮ್ಮೊಮ್ಮೆ ಉರುಳುತ್ತದೆ.
ಫ್ಯಾನಿಗೆ ತಾಗುವ ಕಡೆ ಇಲ್ಲ, ನೋಡಿದ್ದೇನೆ.
ಇರಲಿ ಬಿಡಿ, ಮುಂದೆ ಕೊಳ್ಳುವವರಿಗೆ.

ವ್ರೆಂಚು ವಾಪಸು ಕೊಡಬೇಕು.
ಎಣ್ಣೆಬಟ್ಟೆ ಹರಿದಿತ್ತು, ಅಂಚು ಹೊಲಿದಿಟ್ಟಿದ್ದೇನೆ.